ಮೇ ಬಿಸಿಲಿನಲ್ಲಿ ಒಂಬತ್ತು ಕೆಂಪು ವಿಮಾನ: ಬೀದರಿನ ಹುಟ್ಟುಹಬ್ಬಕ್ಕೆ ಮನೆಯ ಕೇಕ್

ಪ್ರಶ್ನೆ: ಅಕ್ಕಾ, ನಾನು ಬೀದರಿನಿಂದ ಬರೆಯುತ್ತಿದ್ದೇನೆ. ಮೇ ಎರಡನೇ ವಾರ ಮಗನಿಗೆ ಐದು ತುಂಬುತ್ತದೆ. ನಮ್ಮ ಮನೆ ಮೇಲೆ ಹಾರುವ ಕೆಂಪು ವಿಮಾನಗಳ ಕೇಕೇ ಬೇಕು ಅಂತ ಹಟ ಹಿಡಿದಿದ್ದಾನೆ. ವಿಮಾನದ ಆಕಾರದಲ್ಲೇ ಎದ್ದು ನಿಂತಿರುವ ಕೇಕ್ ಒಂದನ್ನು ಫೋನಿನಲ್ಲಿ ನೋಡಿದ್ದೇನೆ, ಅದನ್ನೇ ಮನೆಯಲ್ಲಿ ಮಾಡುವ ಆಸೆ. ಅತ್ತೆಯವರು ಮೊಟ್ಟೆ ಒಳಗೆ ಬಿಡೋದಿಲ್ಲ. ಸಣ್ಣ ಒಟಿಜಿ (ಕರೆಂಟ್ ಓವನ್) ಇದೆ, ಫ್ರಿಜ್ ಇದೆ. ಎಸಿ ಇಲ್ಲ, ಕೂಲರ್ ಅಷ್ಟೇ. ಮಕ್ಕಳು ದೊಡ್ಡವರು ಸೇರಿ 30 ಜನ ಆಗುತ್ತಾರೆ. ಹೋದ ವರ್ಷ ಹೊರಗಿಂದ ತಂದ ಕೇಕಿನ ಕ್ರೀಮು ಆರತಿ ಮುಗಿಯೋದರೊಳಗೆ ಜಾರಿ ಕೆಳಗಿಳಿದಿತ್ತು. ನನ್ನ ಕೈಲಿ ಇದು ಆಗುತ್ತಾ?

ಉತ್ತರ: ಆಗುತ್ತದೆ ತಂಗಿ. ಆದರೆ ಫೋನಿನಲ್ಲಿ ನೋಡಿದ ಆ ನಿಂತ ವಿಮಾನ ಬೇಡ. ಅಂಥ ಫೋಟೋಗಳನ್ನು ತೆಗೆಯೋದು ತಣ್ಣನೆಯ ಎಸಿ ಕೋಣೆಯಲ್ಲಿ. ಮೇ ತಿಂಗಳಲ್ಲಿ ನಿಮ್ಮ ನಡುಮನೆ ಸಂಜೆ ಆರಕ್ಕೂ ಕಾದೇ ಇರುತ್ತದೆ. ಬೀದರ್ ನಮ್ಮ ಕಲಬುರಗಿಗಿಂತ ಎತ್ತರದಲ್ಲಿದೆ, ಒಂಚೂರು ತಂಪು, ಒಪ್ಪಿದೆ. ಆದರೆ ಬೆಣ್ಣೆಗೆ ಆ ಒಂಚೂರು ಸಾಲೋದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಹುಟ್ಟಿದ ಮಕ್ಕಳ ಕೇಕಿಗೆ ಮೊದಲು ಮೇಲೆ ಏನು ಹಚ್ಚೋದು ಅಂತ ತೀರ್ಮಾನ ಮಾಡಿ. ಡಿಸೈನ್ ಆಮೇಲೆ.

ಬಟರ್‌ಕ್ರೀಮ್ ಬಿಟ್ಟುಬಿಡಿ. ಬೆಣ್ಣೆ 32ರಿಂದ 35 ಡಿಗ್ರಿಗೆ ಪೂರ್ತಿ ಕರಗುತ್ತದೆ, ಮೆತ್ತಗಾಗೋದು ಅದಕ್ಕಿಂತ ಎಷ್ಟೋ ಮೊದಲೇ. ಅಂಗಡಿಯ ಫ್ರೆಶ್ ಕ್ರೀಮ್ ತಂದು ಬೀಟರ್ ಹಾಕಿ ಕೂರೋದೂ ಸುಮ್ನೆ ಕೈನೋವು. ಅದರಲ್ಲಿ ಕೊಬ್ಬು ಶೇಕಡಾ 25 ಇರುತ್ತದೆ, ಉಬ್ಬಿ ನಿಲ್ಲೋಕೆ 30ಕ್ಕಿಂತ ಜಾಸ್ತಿ ಬೇಕು. ಬೇಕರಿಯವರು ಬಳಸೋ ವಿಪ್ಪಿಂಗ್ ಕ್ರೀಮ್ ವನಸ್ಪತಿ ಕೊಬ್ಬಿನದು, ಬೆಣ್ಣೆಗಿಂತ ಗಟ್ಟಿಗ. ಆದರೂ ನಿಮ್ಮ ನಡುಮನೆಯಲ್ಲಿ ಅರ್ಧ ಗಂಟೆಗೆ ಅದರ ಹೂಗಳು ತಲೆ ಬಾಗಿಸುತ್ತವೆ. ಇನ್ನೊಂದು ತೊಂದರೆ, ಅದು ಮಂಜುಗಡ್ಡೆಯ ಹಾಗೆ ಗಟ್ಟಿಯಾಗಿ ಬರಬೇಕಾದ ಮಾಲು. ಬಿಸಿಲಲ್ಲಿ ದಾರಿಯಲ್ಲೇ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ್ದರೆ ಮನೆಯಲ್ಲಿ ಎಷ್ಟು ಬಡಿದರೂ ಏಳೋದಿಲ್ಲ. ಹೋದ ವರ್ಷ ನಿಮ್ಮ ಕೇಕ್ ಜಾರಿದ್ದು ಮಾಡಿದವರ ತಪ್ಪೇ ಇರಬೇಕು ಅಂತಿಲ್ಲ, ಮೇ ತಿಂಗಳಿಗೆ ಆ ಕ್ರೀಮೇ ಸರಿ ಬರೋದಿಲ್ಲ.

ಉಳಿದದ್ದು ಡಾರ್ಕ್ ಚಾಕೊಲೇಟ್ ಗನಾಶ್, ಅಂದರೆ ಬಿಸಿ ಕ್ರೀಮಿನಲ್ಲಿ ಚಾಕೊಲೇಟ್ ಕರಗಿಸಿ ಮಾಡೋ ಗಟ್ಟಿ ಲೇಪ. ನಿಮಗೆ ಅದೇ ಸರಿ. ಅದೂ ದುಬಾರಿ ಚಾಕೊಲೇಟ್ ಬೇಡ, ಡಾರ್ಕ್ ಕಾಂಪೌಂಡ್ ತನ್ನಿ. ನಿಜವಾದ ಚಾಕೊಲೇಟಿನ ಕೊಕೊ ಬೆಣ್ಣೆ 34 ಡಿಗ್ರಿ ಹತ್ತಿರ ಕರಗುತ್ತದೆ. ಕಾಂಪೌಂಡಿನಲ್ಲಿ ಅದರ ಬದಲು ಬೇರೆ ಸಸ್ಯ ಕೊಬ್ಬು ಇರುತ್ತದೆ, ಬಿಸಿಲಿಗೆ ಇನ್ನಷ್ಟು ತಡೆಯುತ್ತದೆ. ರುಚಿಯಲ್ಲಿ ಒಂದು ಕೈ ಕಡಿಮೆ, ನಿಜ. ಐದು ವರ್ಷದವನು ಅದನ್ನು ಕೇಳೋದಿಲ್ಲ ಬಿಡಿ. ತಂಪು ಊರಿನವರು ಒಂದು ಪಾಲು ಕ್ರೀಮಿಗೆ ಎರಡು ಪಾಲು ಕಾಂಪೌಂಡ್ ಹಾಕುತ್ತಾರೆ. ನಮಗೆ ಎರಡೂವರೆ ಬೇಕು. 500 ಗ್ರಾಂ ಕಾಂಪೌಂಡ್, 200 ಮಿಲಿ ಫ್ರೆಶ್ ಕ್ರೀಮ್. ಮೇಲೆ ಹೇಳಿದ ಅದೇ 25 ಶೇಕಡಾ ಕ್ರೀಮು ಇಲ್ಲಿ ಸರಿಯಾಗಿ ಕೆಲಸಕ್ಕೆ ಬರುತ್ತದೆ.

ಮಾಡೋದು ಹೀಗೆ. ಕಾಂಪೌಂಡನ್ನು ಸಣ್ಣಗೆ ಹೆಚ್ಚಿ ಸ್ಟೀಲ್ ಪಾತ್ರೆಗೆ ಹಾಕಿ. ಕ್ರೀಮನ್ನು ಸಣ್ಣ ಉರಿಯಲ್ಲಿ ಅಂಚಿನಲ್ಲಿ ಗುಳ್ಳೆ ಕಾಣುವವರೆಗೆ ಬಿಸಿ ಮಾಡಿ, ಕುದಿಸಬೇಡಿ. ಅದನ್ನು ಕಾಂಪೌಂಡ್ ಮೇಲೆ ಸುರಿದು ಎರಡು ನಿಮಿಷ ಮುಟ್ಟದೆ ಬಿಡಿ. ಆಮೇಲೆ ನಡುವಿನಿಂದ ಶುರುಮಾಡಿ ಹೊರಕ್ಕೆ ನಿಧಾನವಾಗಿ ತಿರುಗಿಸಿ. ಮೊದಲು ಒಡೆದ ಹಾಗೆ ಕಾಣುತ್ತದೆ, ಆಮೇಲೆ ಹೊಳಪು ಬರುತ್ತದೆ. ಎಣ್ಣೆ ಬಿಟ್ಟರೆ ಗಾಬರಿ ಬೇಡ, ಒಂದೊಂದೇ ಚಮಚ ಉಗುರುಬೆಚ್ಚಗಿನ ಹಾಲು ಹಾಕುತ್ತ ತಿರುಗಿಸಿದರೆ ಕೂಡಿಕೊಳ್ಳುತ್ತದೆ. ಕಾಂಪೌಂಡ್ ಕರಗದೆ ಉಳಿದಿದ್ದರೆ ಪಾತ್ರೆಯನ್ನು ಬಿಸಿನೀರಿನ ಆವಿಯ ಮೇಲೆ ಅರ್ಧ ನಿಮಿಷ ಹಿಡಿಯಿರಿ. ಒಳಗೆ ನೀರು ಮಾತ್ರ ಸಿಡಿಯಬಾರದು. ಹಚ್ಚುವಾಗ ಅದು ಹೋಳಿಗೆ ಹೂರಣಕ್ಕಿಂತ ಸ್ವಲ್ಪ ಸಡಿಲ ಇರಬೇಕು. ಚಮಚದಲ್ಲಿ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲಬೇಕು, ಅಂಚು ಒಡೆಯಬಾರದು.

ಈಗ ಡಿಸೈನ್. ವಿಮಾನದ ಆಕಾರಕ್ಕೆ ಕೇಕ್ ಕೆತ್ತೋದು ಯಾಕೆ ಬೇಡ ಅಂದರೆ, ಮೊಟ್ಟೆ ಇಲ್ಲದ ಮೊಸರಿನ ಸ್ಪಂಜ್ ಮೆತ್ತಗೆ, ಪುಡಿಪುಡಿ. ರೆಕ್ಕೆಗೆ ಕೊಯ್ದ ತುಂಡು ಎತ್ತುವಾಗಲೇ ಮುರಿಯುತ್ತದೆ. ನಿಲ್ಲಿಸಬೇಕಾದರೆ ಒಳಗೆ ಕಡ್ಡಿ, ಕೆಳಗೆ ಬೋರ್ಡು, ದೊಡ್ಡ ರಗಳೆ. ಬದಲಿಗೆ ಕೇಕನ್ನೇ ರನ್‌ವೇ ಮಾಡಿ. 8 ಇಂಚಿನ ಎರಡು ಚೌಕ ಕೇಕ್ ಬೇಯಿಸಿ ತುದಿಗೆ ತುದಿ ಜೋಡಿಸಿದರೆ 16 ಇಂಚಿನ ಉದ್ದನೆಯ ಕೇಕ್ ಆಗುತ್ತದೆ. ಗನಾಶಿನ ಬಣ್ಣವೇ ಡಾಂಬರಿನ ಬಣ್ಣ, ಬೇರೆ ಬಣ್ಣ ಕಲಸೋ ಕೆಲಸವೇ ಇಲ್ಲ. ಅದರ ಮೇಲೆ ಕೆಂಪು ವಿಮಾನಗಳು, ಮೇಲಿಂದ ನೋಡಿದ ಹಾಗೆ ಮಲಗಿಸಿ.

ನಿಮ್ಮ ಮಗ ಹೇಳುತ್ತಿರೋದು ಆಕಾಶದಲ್ಲಿ ಕಸರತ್ತು ತೋರಿಸೋ ವಾಯುಪಡೆಯ ಸೂರ್ಯಕಿರಣ್ ತಂಡದ ವಿಮಾನಗಳು, ಅಲ್ವಾ? 1996ರಲ್ಲಿ ಬೀದರ್ ವಾಯುನೆಲೆಯಲ್ಲೇ ಶುರುವಾದ ತಂಡ ಅದು. ಮೊದಲು ಕಿರಣ್ ವಿಮಾನ ಹಾರಿಸುತ್ತಿದ್ದರು, ಈಗ ಹಾಕ್ ಅನ್ನೋ ಜೆಟ್ ವಿಮಾನ. ಒಂಬತ್ತು ವಿಮಾನ ಒಟ್ಟಿಗೆ ಹಾರುತ್ತವೆ. ಆದ್ದರಿಂದ ಅಂಗಡಿಯ ಏರೋಪ್ಲೇನ್ ಕಟರ್ ತರಬೇಡಿ. ಅದು ಪ್ರಯಾಣಿಕರ ವಿಮಾನ, ಎರಡು ಕಡೆ ನೇರ ರೆಕ್ಕೆ, ದಪ್ಪ ಹೊಟ್ಟೆ. ದಿನಾ ತಲೆಯೆತ್ತಿ ನೋಡೋ ಬೀದರಿನ ಹುಡುಗ 'ಇದು ನಮ್ಮದಲ್ಲ' ಅಂದುಬಿಡುತ್ತಾನೆ. ಹಾಕ್‌ನ ಮೂತಿ ಚೂಪು, ರೆಕ್ಕೆ ಹಿಂದಕ್ಕೆ ಬಾಗಿದ್ದು, ಬಾಲದಲ್ಲಿ ಎರಡು ಪುಟ್ಟ ರೆಕ್ಕೆ. ದಪ್ಪ ಕಾಗದವನ್ನು ಉದ್ದಕ್ಕೆ ಮಡಚಿ, ಅರ್ಧ ವಿಮಾನ ಬರೆದು ಕತ್ತರಿಸಿ ಬಿಡಿಸಿದರೆ ಎರಡು ಕಡೆಯೂ ಒಂದೇ ಅಳತೆ ಬರುತ್ತದೆ. ಉದ್ದ 6 ಸೆಂಟಿಮೀಟರ್, ರೆಕ್ಕೆಯಿಂದ ರೆಕ್ಕೆಗೆ 5. ಇದಕ್ಕಿಂತ ದೊಡ್ಡದಾದರೆ ಕೇಕಿನ ಮೇಲೆ ಒಂಬತ್ತು ಹಿಡಿಸೋದಿಲ್ಲ.

ವಿಮಾನಗಳನ್ನು ಬಿಸ್ಕತ್ತಿನಲ್ಲಿ ಮಾಡಿ, ಮೇಲೆ ಫಾಂಡೆಂಟ್ (ಹಿಟ್ಟಿನ ಹಾಗೆ ಲಟ್ಟಿಸೋ ಸಕ್ಕರೆಯ ಕಣಕ) ಹೊದಿಸಿ. ಬರೀ ಫಾಂಡೆಂಟಿನ ವಿಮಾನವನ್ನು ಮಕ್ಕಳು ಒಂದು ಸಲ ಕಚ್ಚಿ ಬಿಟ್ಟುಬಿಡುತ್ತಾರೆ. ಬಿಸ್ಕತ್ತಾದರೆ ತಿನ್ನುತ್ತಾರೆ. 150 ಗ್ರಾಂ ಮೈದಾ, 100 ಗ್ರಾಂ ಬೆಣ್ಣೆ, 50 ಗ್ರಾಂ ಸಕ್ಕರೆ ಪುಡಿ, ಚಿಟಿಕೆ ಉಪ್ಪು. ನಾದಬೇಡಿ, ಸುಮ್ನೆ ಕೂಡಿಸಿ. ನಮ್ಮ ಸೆಕೆಯಲ್ಲಿ ಈ ಹಿಟ್ಟು ಲಟ್ಟಣಿಗೆಗೆ ಮೆತ್ತಿಕೊಳ್ಳುತ್ತದೆ. ಎರಡು ಬಟರ್ ಪೇಪರ್ ನಡುವೆ ಇಟ್ಟು ಲಟ್ಟಿಸಿ, ಹಾಳೆ ಸಮೇತ ಫ್ರಿಜ್ಜಿನಲ್ಲಿ 20 ನಿಮಿಷ ಇಟ್ಟು, ಗಟ್ಟಿಯಾದ ಮೇಲೆ ಕೊಯ್ಯಿರಿ. ಮೂತಿ ಮುರಿಯದೆ ಬರುತ್ತದೆ. 160 ಡಿಗ್ರಿಯಲ್ಲಿ ಸುಮಾರು 15 ನಿಮಿಷ, ಅಂಚು ಕೆಂಪಗಾಗೋಕೆ ಶುರುವಾದರೆ ಸಾಕು. ತಟ್ಟೆಯಲ್ಲೇ ಪೂರ್ತಿ ಆರಲಿ. ಬಿಸಿ ಇದ್ದಾಗ ಎತ್ತಿದರೆ ರೆಕ್ಕೆ ಕೈಗೆ ಬರುತ್ತದೆ.

ಕೆಂಪು ಫಾಂಡೆಂಟ್ ರೆಡಿಮೇಡೇ ತನ್ನಿ, 200 ಗ್ರಾಂ ಸಾಕು, ಬಿಳಿಯದು 100 ಗ್ರಾಂ. ಬಿಳಿ ಫಾಂಡೆಂಟಿಗೆ ಮನೆಯಲ್ಲಿ ಕೆಂಪು ಬಣ್ಣ ಕಲಸೋಕೆ ಹೋಗಬೇಡಿ. ಸ್ವಲ್ಪ ಹಾಕಿದರೆ ಗುಲಾಬಿ ಆಗುತ್ತದೆ. ಕೆಂಪಾಗುವಷ್ಟು ಹಾಕಿದರೆ ಅಂಟಂಟಾಗಿ ಕಹಿ ಬರುತ್ತದೆ, ಮಕ್ಕಳ ಹೊಟ್ಟೆಗೆ ಅಷ್ಟು ಬಣ್ಣ ಬೇಕಾಗಿಯೂ ಇಲ್ಲ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿಗಳನ್ನು ಪರೀಕ್ಷೆ ಮಾಡಿದಾಗ 12ರಲ್ಲಿ ಕೃತಕ ಬಣ್ಣ ಸುರಕ್ಷಿತವಲ್ಲದ ಮಟ್ಟದಲ್ಲಿ ಸಿಕ್ಕಿತ್ತು. ಮನೆಯಲ್ಲಿ ಮಾಡೋದರ ಲಾಭವೇ ಇಷ್ಟು, ಬಣ್ಣ ಎಲ್ಲಿ ಎಷ್ಟು ಅಂತ ನಿಮ್ಮ ಕೈಯಲ್ಲಿರುತ್ತದೆ. ಇಡೀ ಕೇಕಿಗೆ ಹಚ್ಚೋ ಬದಲು ಒಂದೊಂದು ವಿಮಾನದ ಮೇಲೆ ತೆಳ್ಳನೆ ಹಾಳೆ, ಅಷ್ಟೇ.

ಮೊಟ್ಟೆ ತರದ ಮನೆಯವರು ಒಂದು ವಿಷಯ ಗಮನಿಸಬೇಕು. ಮೊಟ್ಟೆ ಇಲ್ಲ ಅಂದ ಮಾತ್ರಕ್ಕೆ ಸಸ್ಯಾಹಾರಿ ಅಂತ ಅಲ್ಲ. ಮನೆಯಲ್ಲೇ ಫಾಂಡೆಂಟ್ ಮಾಡೋ ವಿಡಿಯೋಗಳಲ್ಲಿ ಮಾರ್ಷ್‌ಮ್ಯಾಲೋ ಕರಗಿಸುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ. ಜೆಲಟಿನ್ ತೆಗೆಯೋದು ಪ್ರಾಣಿಗಳ ಮೂಳೆ, ಚರ್ಮದಿಂದ. ಕೆಲವು ಜೆಲ್ಲಿ ಮಿಠಾಯಿಗಳಲ್ಲೂ ಇರುತ್ತದೆ. ಫಾಂಡೆಂಟ್, ಕಾಂಪೌಂಡ್, ಕೇಕ್ ಮೇಲಿನ ಮಣಿ, ಎಲ್ಲದರ ಪ್ಯಾಕೆಟ್ ಮೇಲೂ ಹಸಿರು ಚುಕ್ಕೆ ನೋಡಿ ತನ್ನಿ. ಮಿಂಚಿನ ಪುಡಿಯ ಡಬ್ಬಿ ಮೇಲೆ 'ನಾನ್ ಟಾಕ್ಸಿಕ್' ಅಂತ ಬರೆದಿದ್ದರೆ ಅದು ತಿನ್ನೋ ವಸ್ತು ಅಂತ ಅರ್ಥ ಅಲ್ಲ. 'ಎಡಿಬಲ್' ಅಂತ ಬರೆದು ಒಳಗೆ ಏನೇನಿದೆ ಅಂತ ಪಟ್ಟಿ ಕೊಟ್ಟಿದ್ದರೆ ಮಾತ್ರ ತಗೊಳ್ಳಿ. ಈ ಕೇಕಿಗೆ ಮಿಂಚು ಬೇಕಾಗೇ ಇಲ್ಲ. ಹೈದರಾಬಾದಿನ ಬೇಗಂ ಬಜಾರಿಗೆ ಯಾರಾದರೂ ಹೋಗುತ್ತಿದ್ದರೆ ಫಾಂಡೆಂಟ್ ತರಿಸಿಕೊಳ್ಳಿ. ಕಾಂಪೌಂಡ್ ಮಾತ್ರ ಊರಲ್ಲೇ ಕೊಳ್ಳಿ. ಕಾರಿನಲ್ಲಿ ಮೂರು ತಾಸು ಕೂತರೆ ಕರಗಿ ಆಕಾರ ಕೆಟ್ಟು ಬರುತ್ತದೆ.

ನಮ್ಮ ಒಣ ಬಿಸಿಲಲ್ಲಿ ಫಾಂಡೆಂಟ್ ನೋಡನೋಡುತ್ತ ಬಿರುಕು ಬಿಡುತ್ತದೆ. ಒಂದೊಂದೇ ಉಂಡೆ ಹೊರಗೆ ತೆಗೆಯಿರಿ, ಉಳಿದದ್ದು ಪ್ಲಾಸ್ಟಿಕ್ ಕವರಿನೊಳಗೇ ಇರಲಿ. ಒದ್ದೆ ಬಟ್ಟೆ ಮುಚ್ಚಬೇಡಿ, ಅಂಟಾಗುತ್ತದೆ. ಕೈಗೆ ಚೂರೇ ಚೂರು ವನಸ್ಪತಿ ಸವರಿಕೊಂಡು ನಾದಿ, ಕಾರ್ನ್‌ಫ್ಲೋರ್ ಉದುರಿಸಿ ತೆಳ್ಳಗೆ ಲಟ್ಟಿಸಿ, ಅದೇ ಕಾಗದದ ಅಚ್ಚಿನಿಂದ ಕೊಯ್ಯಿರಿ. ಬಿಸ್ಕತ್ತಿಗೆ ಜಾಮ್ ತೆಳುವಾಗಿ ಸವರಿ ಅಂಟಿಸಿ. ರೆಕ್ಕೆಗೆ ಬಿಳಿ ಪಟ್ಟಿ ಒಂದು, ನಡುವೆ ಪೈಲಟ್ ಕೂರೋ ಜಾಗಕ್ಕೆ ಗನಾಶಿನ ಒಂದು ಉದ್ದ ಚುಕ್ಕೆ. ಇದೆಲ್ಲ ಮೂರ್ನಾಲ್ಕು ದಿನ ಮೊದಲೇ ಆಗಲಿ. ಒಣ ಡಬ್ಬಿಯಲ್ಲಿ ಹೊರಗೇ ಇಡಿ. ಫ್ರಿಜ್ಜಿಗೆ ಹಾಕಿದರೆ ಹೊರಗೆ ತೆಗೆದ ತಕ್ಷಣ ಬೆವರಿ ಕೆಂಪು ಬಣ್ಣ ಬಿಳಿ ಪಟ್ಟಿಗೆ ಹರಿಯುತ್ತದೆ.

ಕೇಕಿನ ವಿಷಯಕ್ಕೆ ಬರೋಣ. ಒಂದು ಚೌಕ ತಟ್ಟೆಗೆ ಮೈದಾ 200 ಗ್ರಾಂ, ಸಕ್ಕರೆ ಪುಡಿ 180 ಗ್ರಾಂ, ಮೊಸರು 250 ಗ್ರಾಂ, ಎಣ್ಣೆ 110 ಮಿಲಿ, ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ವೆನಿಲ್ಲಾ ಒಂದು ಟೀ ಚಮಚ, ಚಿಟಿಕೆ ಉಪ್ಪು. ಇಂಥವು ಎರಡು. ಮೊಸರು, ಸಕ್ಕರೆ ಕರಗುವವರೆಗೆ ಕಲಸಿ, ಎಣ್ಣೆ ಮತ್ತು ವೆನಿಲ್ಲಾ ಸೇರಿಸಿ. ಉಳಿದದ್ದನ್ನೆಲ್ಲ ಒಟ್ಟಿಗೆ ಜರಡಿ ಹಿಡಿದು ಹಾಕಿ ಗಂಟಿಲ್ಲದ ಹಾಗೆ ಕೂಡಿಸಿ. ಜಾಸ್ತಿ ತಿರುಗಿಸಿದರೆ ಕೇಕ್ ರಬ್ಬರ್ ಆಗುತ್ತದೆ. ಎಣ್ಣೆ ರಿಫೈಂಡ್ ಸೂರ್ಯಕಾಂತಿಯದೇ ಇರಲಿ. ಗಾಣದ ಶೇಂಗಾ ಎಣ್ಣೆ ಪಲ್ಯಕ್ಕೆ ಚೆಂದ, ವೆನಿಲ್ಲಾ ಕೇಕಿನಲ್ಲಿ ವಾಸನೆ ಎದ್ದು ಬರುತ್ತದೆ. ಮೊಸರು ಗಟ್ಟಿಯಾಗಿ, ಹುಳಿ ಬಾರದ್ದು ಬೇಕು. ಬೇಸಿಗೆಯಲ್ಲಿ ಬೆಳಗಿನ ಮೊಸರು ಸಂಜೆಗೆ ಹುಳಿ. ಆದ್ದರಿಂದ ಹೆಪ್ಪಾದ ಕೂಡಲೇ ಫ್ರಿಜ್ಜಿಗಿಡಿ, ಬಳಸೋ ಮುಂಚೆ ಅರ್ಧ ಗಂಟೆ ಹೊರಗೆ ತೆಗೆಯಿರಿ.

ನಿಮ್ಮ ಒಟಿಜಿಯಲ್ಲಿ ಎರಡೂ ತಟ್ಟೆ ಒಟ್ಟಿಗೆ ಹಿಡಿಸೋದಿಲ್ಲ. ಹಾಗಂತ ಎರಡರ ಹಿಟ್ಟೂ ಒಟ್ಟಿಗೆ ಕಲಸಿ ಒಂದನ್ನು ಕಾಯಿಸಬೇಡಿ. ಮೊಸರಿನ ಹುಳಿ ಸೋಡಾಕ್ಕೆ ತಾಗಿದ ಕ್ಷಣದಿಂದ ಗಾಳಿ ಏಳೋಕೆ ಶುರು. ಕಟ್ಟೆ ಮೇಲೆ ಮುಕ್ಕಾಲು ಗಂಟೆ ಕೂತ ಹಿಟ್ಟಿನಲ್ಲಿ ಆ ಗಾಳಿ ಹೊರಟುಹೋಗಿರುತ್ತದೆ. ಒಂದು ಉಬ್ಬಿ ಇನ್ನೊಂದು ಚಪ್ಪಟೆಯಾದರೆ ನಿಮ್ಮ ರನ್‌ವೇ ನಡುವೆ ಮೆಟ್ಟಿಲು ಬರುತ್ತದೆ! ಒಣ ಸಾಮಾನು ಎರಡು ಪಾಲು ಮೊದಲೇ ಅಳೆದಿಡಿ. ಮೊದಲನೆಯದು ಹೊರಗೆ ಬರೋ ಐದು ನಿಮಿಷ ಮುಂಚೆ ಎರಡನೆಯದನ್ನು ಕಲಸಿ. 175 ಡಿಗ್ರಿ, ನಡುವಿನ ಹಂತ, 30ರಿಂದ 35 ನಿಮಿಷ. ಮೇಲಿನ ರಾಡ್ ಬೇಗ ಕಪ್ಪು ಮಾಡುತ್ತಿದ್ದರೆ ಫಾಯಿಲ್ ಮುಚ್ಚಿ. ಕಡ್ಡಿ ಚುಚ್ಚಿದಾಗ ಹಿಟ್ಟು ಅಂಟದೆ ಬಂದರೆ ಆಯಿತು. ಹಿಂದಿನ ದಿನ ರಾತ್ರಿ ಮಾಡಿ. ಸೆಕೆಯೂ ಕಡಿಮೆ, ಕರೆಂಟ್ ಹೋಗೋ ಭಯವೂ ಕಡಿಮೆ. ಬೇಯುವಾಗ ಕರೆಂಟ್ ಹೋದರೆ ಬಾಗಿಲು ತೆಗೆಯದೆ ಹಾಗೇ ಬಿಡಿ, ಒಳಗಿನ ಕಾವು ಸ್ವಲ್ಪ ಹೊತ್ತು ಇರುತ್ತದೆ.

ಆರಿದ ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಫ್ರಿಜ್ಜಿಗಿಡಿ. ಸುತ್ತದೆ ಇಟ್ಟರೆ ಬೆಳಿಗ್ಗೆಗೆ ಒಣಗಿರುತ್ತದೆ. ಮರುದಿನ ಉಬ್ಬಿದ ತಲೆ ಸಮಮಾಡಿ, ಎರಡನ್ನೂ ಮಗುಚಿ ತಳ ಮೇಲೆ ಬರೋ ಹಾಗೆ ಬೋರ್ಡ್ ಮೇಲೆ ಇಡಿ. ತಳದ ಭಾಗ ಸಪಾಟಾಗಿರುತ್ತದೆ, ಪುಡಿಯೂ ಕಡಿಮೆ. 16 ಇಂಚಿನ ಬೋರ್ಡ್ ಸಿಗದಿದ್ದರೆ ಅಡುಗೆಮನೆಯ ಪ್ಲೈವುಡ್ ತುಂಡಿಗೆ ಫಾಯಿಲ್ ಸುತ್ತಿದರೂ ನಡೆಯುತ್ತದೆ. ಆದರೆ ಅದು ನಿಮ್ಮ ಫ್ರಿಜ್ಜಿನೊಳಗೆ ಹೋಗುತ್ತದಾ ಅಂತ ಈಗಲೇ ಅಳೆದು ನೋಡಿ! ಹೋಗದಿದ್ದರೆ ಎರಡು ಬೋರ್ಡ್ ಮೇಲೆ ಎರಡು ಅರ್ಧ ಮಾಡಿಟ್ಟು, ಮೇಜಿನ ಮೇಲೆ ಜೋಡಿಸಿ ಸಂದಿಗೆ ಗನಾಶ್ ತುಂಬಿ. ಸ್ಪಂಜಿನ ಮೇಲೆ ಸಕ್ಕರೆ ನೀರು ನಾಲ್ಕೈದು ಚಮಚ ಚಿಮುಕಿಸಿ. ಮೊದಲು ತೆಳ್ಳಗೆ ಒಂದು ಪದರ ಗನಾಶ್ ಹಚ್ಚಿ ಪುಡಿಯನ್ನೆಲ್ಲ ಹಿಡಿದಿಡಿ, ಫ್ರಿಜ್ಜಿನಲ್ಲಿ 20 ನಿಮಿಷ. ಆಮೇಲೆ ಎರಡನೇ ಪದರ. ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕು ಎಳೆದರೆ ಮೇಲ್ಮೈ ನುಣುಪಾಗುತ್ತದೆ. ತೀರಾ ನುಣುಪು ಬೇಡ, ರಸ್ತೆ ಅಲ್ವಾ. ಎರಡೂ ಬದಿಗೆ ಬಿಳಿ ಫಾಂಡೆಂಟ್ ಗೆರೆ ಅಂಟಿಸಿ.

ವಿಮಾನ ಇಡೋದು ಕೊನೆಗೆ, ಜನ ಬರೋ ಅರ್ಧ ಗಂಟೆ ಮುಂಚೆ. ಸಾಲು ಹೀಗೆ: ಮುಂದೆ ಒಂದು, ಹಿಂದೆ ಎರಡು, ನಡುವೆ ಮೂರು, ಮತ್ತೆ ಎರಡು, ಕೊನೆಗೆ ಒಂದು. ಒಂದರ ಸಂದಿಯಲ್ಲಿ ಇನ್ನೊಂದರ ಮೂತಿ ಬರಲಿ. ಹೊಗೆಗೆ ಒಣ ಕೊಬ್ಬರಿ ಪುಡಿ. ಕಾಗದದಲ್ಲಿ ಉದ್ದನೆ ಸೀಳು ಮಾಡಿ ಹಿಂದಿನ ವಿಮಾನಗಳ ಬಾಲದ ಹತ್ತಿರ ಹಿಡಿದು ಉದುರಿಸಿ. ಮೋಡಕ್ಕೆ ಕ್ರೀಮ್ ಬೇಡ, ಜಾತ್ರೆಯ ಬತ್ತಾಸು ಇದೆಯಲ್ಲ! ಬೆಳ್ಳಗೆ, ಉಬ್ಬಿಕೊಂಡು, ಮೂರು ನಾಲ್ಕು ಒತ್ತೊತ್ತಾಗಿ ಇಟ್ಟರೆ ಮೋಡವೇ. ಯಾವ ಬಿಸಿಲಿಗೂ ಜಗ್ಗೋದಿಲ್ಲ. ತೇವಕ್ಕೆ ಮಾತ್ರ ಕರಗುತ್ತದೆ, ಅದಕ್ಕೇ ಅದೂ ಕೊನೆಗೇ. ಇದೇ ಕಾರಣಕ್ಕೆ ಕೇಕಿನ ಮೇಜನ್ನು ಕೂಲರ್ ಮುಂದೆ ಇಡಬೇಡಿ. ತಣ್ಣಗಿರಲಿ ಅಂತ ಎಲ್ಲರೂ ಅಲ್ಲೇ ಇಡುತ್ತಾರೆ. ಕೂಲರ್ ಗಾಳಿ ನೀರಿನ ಗಾಳಿ. ಬತ್ತಾಸು ಅಂಟಾಗುತ್ತದೆ, ಫಾಂಡೆಂಟ್ ಬೆವರುತ್ತದೆ, ಬಿಸ್ಕತ್ತು ಮೆತ್ತಗಾಗುತ್ತದೆ. ಪಕ್ಕದ ಕೋಣೆಯಲ್ಲಿ ಕೂಲರ್ ಹಾಕಿ, ಕೇಕಿಗೆ ಫ್ಯಾನ್ ಸಾಕು.

ನಿಲ್ಲಿಸೋದಕ್ಕೆ ಟೂತ್‌ಪಿಕ್, ತಂತಿ ಯಾವುದೂ ಇರಬಾರದು, ಐದು ವರ್ಷದವರ ಬಾಯಿಗೆ ಹೋಗೋ ವಸ್ತು ಇದು. ಏನಾದರೂ ಚುಚ್ಚಲೇಬೇಕಾದರೆ ಒಣ ಸ್ಪಗೆಟಿ ಕಡ್ಡಿ ಮುರಿದು ಬಳಸಿ. ಮೇಣದ ಬತ್ತಿ ಐದನ್ನು ರನ್‌ವೇ ದೀಪದ ಹಾಗೆ ಒಂದು ಬದಿಗೆ ಸಾಲಾಗಿ ಇಡಿ. ಕಿಡಿ ಹಾರಿಸೋ ಬತ್ತಿ ಬೇಡ. ಸ್ನೋ ಸ್ಪ್ರೇ ಅಂತೂ ಮನೆಯೊಳಗೇ ಬೇಡ, ಆ ನೊರೆಗೆ ಬೆಂಕಿ ಹತ್ತಿ ಮಕ್ಕಳು ಸುಟ್ಟುಕೊಂಡಿರೋದು ಉಂಟು. ಆರತಿಯನ್ನು ಕೇಕಿನಿಂದ ನಾಲ್ಕು ಹೆಜ್ಜೆ ಆಚೆ ಮಣೆ ಹಾಕಿ ಮೊದಲೇ ಮುಗಿಸಿ. ಗನಾಶಿಗೆ ಅಂಟಿದ ಅಕ್ಷತೆ ಕಾಳು ಆರಿಸೋದು ಬಹಳ ಕಷ್ಟ.

ಒಟ್ಟು ಕೇಕ್ ಎರಡು ಕಿಲೋ ಹತ್ತಿರ ತೂಗುತ್ತದೆ, 30 ಜನರಿಗೆ ತಲಾ ಒಂದು ಸಣ್ಣ ತುಂಡು ಬರುತ್ತದೆ. ಉಳಿದರೆ ಒಂದು ಗಂಟೆಯೊಳಗೆ ಫ್ರಿಜ್ಜಿಗೆ, ಎರಡು ದಿನದಲ್ಲಿ ಖಾಲಿ ಮಾಡಿ.

ಇನ್ನೊಂದು. ಕೇಕಿನ ಮೇಲೆ ವಿಮಾನ ಒಂಬತ್ತು, ಮನೆಯಲ್ಲಿ ಮಕ್ಕಳು ಅದಕ್ಕಿಂತ ಜಾಸ್ತಿ ಇರುತ್ತಾರೆ. ಮೇಲೆ ಹೇಳಿದ ಹಿಟ್ಟಿನಲ್ಲಿ ಇಪ್ಪತ್ತೈದಕ್ಕೂ ಮೇಲೆ ವಿಮಾನ ಆಗುತ್ತವೆ. ಎಲ್ಲಕ್ಕೂ ಕೆಂಪು ಹೊದಿಸಿ, ಉಳಿದವನ್ನು ಬೇರೆ ತಟ್ಟೆಯಲ್ಲಿ ಮುಚ್ಚಿಡಿ. ಕೇಕ್ ಕೊಯ್ಯೋ ಮುಂಚೆಯೇ ಆ ತಟ್ಟೆ ಹೊರಗೆ ಬರಲಿ, ಪ್ರತಿ ಮಗುವಿನ ಕೈಗೆ ಒಂದೊಂದು ಕೊಟ್ಟುಬಿಡಿ. ಇಲ್ಲದಿದ್ದರೆ ಮುಂದಿನ ವಿಮಾನ ಯಾರದು ಅಂತ ಜಗಳ ಬಿಡಿಸೋದರಲ್ಲೇ ನಿಮ್ಮ ಸಂಜೆ ಹೋಗುತ್ತದೆ. ರೆಕ್ಕೆ ಮುರಿದವು ಇದ್ದರೆ ಅಪ್ಪಂದಿರ ಚಹಾಕ್ಕೆ ಇಡಿ.